ಕಲ್ಲುಕುಟಿಗ ನಾರ್ದು ಹೊತ್ತ ಹರಕೆ

ನಮ್ಮ ಮಾಲ್ಟಾದಲ್ಲಿ ಮದುವೆ ನಿಶ್ಚಯವಾದ ಮೇಲೆ ಯಾರೂ ಅವಸರ ಮಾಡುವುದಿಲ್ಲ. ಮನೆ ಏಳಬೇಕು, ಸೋಫಾ ಬರಬೇಕು, ಸೋಫಾದ ಪ್ಲಾಸ್ಟಿಕ್ ಹೊದಿಕೆ ಹಳದಿಗೆ ತಿರುಗಬೇಕು, ಆಮೇಲೆ ಲಗ್ನ. ಆದರೂ ಕಲ್ಲುಕುಟಿಗ ನಾರ್ದುವಿಗಾಗಿ ದರ್ಜಿ ಜುದಿತ್ತಾ ಕಾದಷ್ಟು ನಮ್ಮೂರಲ್ಲಿ ಇನ್ಯಾರೂ ಕಾದಿಲ್ಲ.

ತಪ್ಪು ನಾರ್ದುವಿನ ಬಾಯಿಯದು. ಯೂರೋಪಿನ ದೇಶಗಳು ವರ್ಷಕ್ಕೊಮ್ಮೆ ಸೆಣಸುವ ಯೂರೋವಿಷನ್ ಹಾಡಿನ ಸ್ಪರ್ಧೆಯಲ್ಲಿ ನಮ್ಮ ದ್ವೀಪ ಮೊದಲ ಸಲ ಮೂರನೆಯ ಸ್ಥಾನಕ್ಕೆ ಬಂದಿತ್ತು. ಮರುದಿನ ಭಾನುವಾರದ ಪೂಜೆ ಮುಗಿದದ್ದೇ ನಾರ್ದು ಸಂತ ಕತರೀನಾಳ ವಿಗ್ರಹದ ಮುಂದೆ ನಿಂತು, "ತಾಯೀ, ಮಾಲ್ಟಾನ ಗೆಲ್ಲಿಸು. ಗೆದ್ದ ವರ್ಷವೇ ನಿನ್ನ ಮುಂದೆ ಮದುವೆಯಾಗ್ತೀನಿ, ಅಲ್ಲೀತನಕ ಇಲ್ಲ!" ಎಂದು ಗಟ್ಟಿಯಾಗಿ ಹೇಳಿಬಿಟ್ಟ. ಜನ ಮೇಣದ ಬತ್ತಿಯನ್ನೋ ಬರಿಗಾಲ ನಡಿಗೆಯನ್ನೋ ಹರಕೆ ಹೊರುತ್ತಾರೆ; ಇವನು ಹುಡುಗಿಯನ್ನೇ ಹೊತ್ತ. ನಾವು ಊರ ಹಬ್ಬದ ಬ್ಯಾಂಡಿನವರು ಚಪ್ಪಾಳೆ ತಟ್ಟಿದೆವು. ನಾನಂತೂ ಟ್ರೊಂಬೋನ್ ಊದುವುದಕ್ಕಿಂತ ಚೆನ್ನಾಗಿ ತಟ್ಟಿದೆ. ಎದುರು ಬೀದಿಯ ವೈರಿ ಬ್ಯಾಂಡಿನವರಿಗೂ ಕೇಳಿಸಿತು. ಇನ್ನು ಹಿಂದೆ ಸರಿಯುವುದೆಲ್ಲಿಂದ ಬಂತು?

"ಹೆಚ್ಚಂದ್ರೆ ಮುಂದಿನ ವರ್ಷ ತಾನೇ?" ಎಂದು ಜುದಿತ್ತಾ ನಕ್ಕಳು.

ಹಲವು ವರ್ಷ ಕಳೆದು ಮತ್ತೊಮ್ಮೆ ಮೂರನೆಯದಾದೆವು. ಕಟ್ಟಕಡೆಗೆ ಅಂಕ ಕೊಡಬೇಕಿದ್ದ ದೇಶ ನಮಗೆ ಸೊನ್ನೆ ಕೊಟ್ಟಿತು. ಆಮೇಲೆ ಎರಡನೆಯದು. ಮತ್ತೆ ಎರಡನೆಯದು. ಅದರ ಮರುವರ್ಷ ಎಲ್ಲರಿಗಿಂತ ಹಿಂದೆ. ಫೋನಿನಲ್ಲಿ ವೋಟು ಹಾಕುವಾಗ ಸ್ವಂತ ದೇಶಕ್ಕೆ ಹಾಕುವಂತಿಲ್ಲವೆಂಬುದು ಸ್ಪರ್ಧೆಯ ನಿಯಮ. ಹಾಗಾಗಿ ಹೆಸರೇ ಗೊತ್ತಿಲ್ಲದ ಯಾವುದೋ ಊರಿನವರು ಜುದಿತ್ತಾಳ ಮದುವೆಗೆ ವೋಟು ಹಾಕಬಹುದಿತ್ತು, ಅವಳು ಮಾತ್ರ ಹಾಕುವಂತಿರಲಿಲ್ಲ.

"ಏನಮ್ಮಾ, ಈ ಸಲ ಮದುವೆ ಗೌನು ಹಿಗ್ಗಿಸಿದ್ಯಾ?" ಎಂದು ವೈರಿ ಬ್ಯಾಂಡಿನ ಕ್ಷೌರಿಕ ಕೆಣಕುತ್ತಿದ್ದ.

"ಹಿಗ್ಗಿಸಿದೀನಿ. ದಾರ ಮಿಕ್ಕಿದೆ, ಬಾ, ನಿನ್ನ ಬಾಯಿ ಹೊಲೀತೀನಿ."

ಕೊನೆಗೊಂದು ವಸಂತದಲ್ಲಿ ಅವಳೇ ಪಾದ್ರಿಗಳ ಬಳಿ ಹೋಗಿಬಂದಳು. ನಾನೂ ನಾರ್ದುವೂ ಬ್ಯಾಂಡಿನ ಕ್ಲಬ್ಬಿನಲ್ಲಿ ಬಟಾಣಿ ತುಂಬಿದ ಪಸ್ತಿತ್ಸಿ ಪಫ್ ತಿನ್ನುತ್ತ ಕೂತಿದ್ದೆವು. ನೇರ ಮೇಜಿನ ಬಳಿ ಬಂದು ನಿಂತಳು.

"ಹರಕೆ ಬಿಡಿಸೋ ಅಧಿಕಾರ ಫಾದರ್‌ಗೆ ಇದೆಯಂತೆ. ಆದ್ರೆ ಹೊತ್ತವನೇ ಬಂದು ಕೇಳ್ಬೇಕಂತೆ. ಏಳು."

ನಾರ್ದು ಕೈಯಲ್ಲಿದ್ದ ಪಸ್ತಿತ್ಸಿ ಕೆಳಗಿಟ್ಟ. "ಕೇಳ್ಬಹುದು ಕಣೇ. ಆದ್ರೆ ನಾನು ಬಿಡಿಸ್ಕೊಂಡ ವರ್ಷಾನೇ ಸೋತ್ರೆ? ಊರೆಲ್ಲ ನನ್ನಿಂದಾನೇ ಅನ್ನಲ್ವಾ?"

"ಬಿಡಿಸ್ಕೊಳ್ದೆ ಇದ್ದಾಗೆಲ್ಲ ಗೆದ್ದುಬಿಟ್ವಾ?"

"ಎರಡನೇದು ಬಂದಿದ್ವಲ್ಲ!"

ಅವಳು ನನ್ನತ್ತ ತಿರುಗಿದಳು. "ಅಣ್ಣ, ನೀವಾದ್ರೂ ಹೇಳಿ."

ನಾನು ಪಸ್ತಿತ್ಸಿಯೊಳಗಿನ ಬಟಾಣಿಯಲ್ಲಿ ಉತ್ತರ ಹುಡುಕಿದೆ. ಸೆಮಿಫೈನಲ್ ಬೇರೆ ಹತ್ತಿರವಿತ್ತು. ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವವರು ಯಾರು?

ಆ ವರ್ಷ ನಾವು ಸೆಮಿಫೈನಲ್ಲನ್ನೇ ದಾಟಲಿಲ್ಲ. ಸ್ವಲ್ಪ ದಿನಕ್ಕೆ ಜುದಿತ್ತಾ ಹೊಲಿಗೆ ಯಂತ್ರ ಮಾರಿದಳು. ಮೆಲ್ಬರ್ನ್‌ನಲ್ಲಿರುವ ಅಕ್ಕ ಕರೆದಿದ್ದಳು. ಹೋದರೆ ಮರಳಿ ಬರುವ ಮಾತಿಲ್ಲ. ವಿಮಾನ ನಿಲ್ದಾಣಕ್ಕೆ ನನ್ನ ಕಾರಿನಲ್ಲೇ ಹೊರಟೆವು. ನಾರ್ದು ಹಿಂದಿನ ಸೀಟಿನಲ್ಲಿ ಅವಳ ಸೂಟ್‌ಕೇಸನ್ನು ತಬ್ಬಿಕೊಂಡು ಕೂತಿದ್ದ. ದಾರಿಯುದ್ದಕ್ಕೂ ಏನೋ ಹೇಳಲು ಬಾಯಿ ತೆರೆಯುವನು, ಮುಚ್ಚುವನು. ಕನ್ನಡಿಯಲ್ಲಿ ಅದನ್ನೇ ನೋಡುತ್ತ ಎರಡು ಸಲ ತಪ್ಪು ದಾರಿಗೆ ತಿರುಗಿದೆ.

ನಿಲ್ದಾಣದ ಬಾಗಿಲ ಬಳಿ ಜುದಿತ್ತಾಳೇ ಮಾತು ತೆಗೆದಳು. "ಆಸ್ಟ್ರೇಲಿಯಾನೂ ಈಗ ಆ ಸ್ಪರ್ಧೇಲಿ ಇದೆ, ಗೊತ್ತಾ? ಅಲ್ಲಿಂದಾದ್ರೆ ನಾನೂ ನಮ್ಮೋರಿಗೆ ವೋಟು ಹಾಕ್ಬಹುದು."

ಹಾಗೆಂದು ಅವನ ಮುಖವನ್ನೇ ನೋಡುತ್ತ ನಿಂತಳು. ಹೋಗಬೇಡ ಎಂಬ ಒಂದೇ ಮಾತಿಗೆ ಅಲ್ಲಿ ಬೇಕಾದಷ್ಟು ಜಾಗವಿತ್ತು.

ನಾರ್ದುವಿನ ಕಣ್ಣು ಅರಳಿತು. "ಹೌದಲ್ವಾ! ಅಕ್ಕನ ಮನೇಲಿ ಎಷ್ಟು ಫೋನಿದೆ?"

"ಎರಡು," ಎಂದಳು ಜುದಿತ್ತಾ. ಅವನ ಕೈಯಿಂದ ಸೂಟ್‌ಕೇಸು ತೆಗೆದುಕೊಂಡು ಒಳಗೆ ನಡೆದಳು. ಗಾಜಿನ ಬಾಗಿಲು ಮುಚ್ಚಿತು.

"ಎರಡಂತೆ," ಎಂದ ನಾರ್ದು ನನ್ನ ಕಡೆ ತಿರುಗಿ. ಆಮೇಲೆ ಮುಚ್ಚಿದ ಬಾಗಿಲತ್ತ ಮತ್ತೆ ತಿರುಗಿದ. "ನಾನು ಕೇಳ್ಬೇಕಂತಿದ್ದದ್ದು ಅದಲ್ಲ ಕಣೋ."