ಗುಂಡಿ ಹುಡುಕಲು ತೋಡಿದ ಗುಂಡಿ

ನನ್ನ ಭಾವ, ಅಂದರೆ ಹೆಂಡತಿಯ ಅಣ್ಣ, ಮೂವತ್ತು ವರ್ಷ ಕೋಪರಖೈರಣೆಯ ಹೋಟೆಲೊಂದರಲ್ಲಿ ಮೇಲ್ವಿಚಾರಣೆ ನೋಡಿಕೊಂಡಿದ್ದು, ಮೊಣಕಾಲು ನೋವೆಂದು ಮನೆಯಲ್ಲಿ ಕೂತವರು. ಕೂತವರು ಮೊಬೈಲು ಹಿಡಿದರು. ಇಂಗ್ಲೆಂಡಿನ ಮುದುಕರು ಕಟಾವಾದ ಹೊಲಗಳಲ್ಲಿ ಯಂತ್ರ ಆಡಿಸುತ್ತ ಹಳೆಯ ನಾಣ್ಯ, ಸಿಪಾಯಿಗಳ ಅಂಗಿಯ ಹಿತ್ತಾಳೆ ಗುಂಡಿಗಳನ್ನು ಎತ್ತುವ ವಿಡಿಯೊಗಳನ್ನು ನೋಡಿ ನೋಡಿ, ಕೊನೆಗೆ ತಾವೂ ಒಂದು ಮೆಟಲ್ ಡಿಟೆಕ್ಟರ್ ತರಿಸಿಕೊಂಡರು.

"ಅವರ ಊರಲ್ಲಿ ಅವರದ್ದು ಸಿಗ್ತದೆ. ನಮ್ಮಲ್ಲಿಯೂ ಅವರದ್ದೇ ಸಿಗ್ಬೇಕಲ್ಲ ಮಾರಾಯ? ಇಷ್ಟು ವರ್ಷ ಇದ್ದು ಹೋದವರು ಏನಾದರೂ ಬೀಳಿಸದೆ ಹೋಗಿರ್ತಾರಾ?" ಎಂದರು.

"ಸಿಕ್ಕಿದ್ದನ್ನು ಸರಕಾರಕ್ಕೆ ಒಪ್ಪಿಸ್ಬೇಕಾಗ್ತದೆ ಭಾವ."

"ಒಪ್ಪಿಸುವ. ಮೊದಲು ಸಿಗಲಿ."

ಅವರ ಹೋಟೆಲಿಗೆ ಕೊತ್ತಂಬರಿ ಸೊಪ್ಪು ತರುತ್ತಿದ್ದವನ ಸೋದರತ್ತೆಗೆ ಟಿಟ್ವಾಳಾದ ಆಚೆ ಭತ್ತದ ಗದ್ದೆಯಿತ್ತು. ಅಲ್ಲಿ ಹಿಂದೆ ಗೋರಾ ಪಲ್ಟನ್, ಅಂದರೆ ಬಿಳಿಯರ ದಂಡು, ಡೇರೆ ಹಾಕಿತ್ತೆಂದು ಅವನೇ ಹೇಳಿದ್ದು. ಕೊಯ್ಲು ಮುಗಿದ ಮೇಲಿನ ಒಂದು ಭಾನುವಾರ ಭಾವ ಹೊರಟರು. ವರ್ತಕ ನಗರದ ನಮ್ಮ ಮನೆಯಲ್ಲಿ ನೆಮ್ಮದಿಯಾಗಿ ಪೇಪರ್ ಓದುತ್ತಿದ್ದ ನನ್ನನ್ನು ಹೆಂಡತಿ ಎಬ್ಬಿಸಿದಳು. "ಅಣ್ಣ ಒಬ್ಬನೇ ಹೋದ್ರೆ ಯಾವುದಾದ್ರೂ ಬಾವಿಗೆ ಬೀಳ್ತಾನೆ. ಜೊತೆಗೆ ಹೋಗಿ."

ಗದ್ದೆಯ ಒಡತಿ ಕಚ್ಚೆ ಬಿಗಿದು ಸೀರೆಯುಟ್ಟ ಮುದುಕಿ. ಮರಾಠಿಯಲ್ಲಿ "ಬನ್ನಿ, ತೋಡಿ" ಎಂದಷ್ಟೇ ಹೇಳಿ ಬದುವಿನ ಮೇಲೆ ಕೂತಳು. ಯಂತ್ರ ಕೂಗಿದಾಗಲೆಲ್ಲ ಭಾವ ಕೂಳೆಯ ನಡುವೆ ಮಂಡಿಯೂರಿದರು. ಮನೆಯಲ್ಲಿ ಪೂಜೆಗೂ ನೆಲಕ್ಕೆ ಕೂರಲಾಗದ ಮನುಷ್ಯ. ಎರಡು ತಾಸಿನಲ್ಲಿ ಬಿಯರ್ ಬಾಟಲಿಯ ಮುಚ್ಚಳಗಳು ಒಂಬತ್ತು, ಮುರಿದ ಕುಡುಗೋಲಿನ ತುದಿ ಒಂದು, ಛತ್ರಿಯ ಕಡ್ಡಿಗಳು ಮೂರು ಸಿಕ್ಕವು. ಬ್ರಿಟಿಷರು ಬಹಳ ಜಾಗರೂಕ ಜನ ಇದ್ದಿರಬೇಕು.

ಅಷ್ಟರಲ್ಲಿ ಊರವರು ಸೇರಿದ್ದರು. ಯಂತ್ರ ಹಿಡಿದು ಗದ್ದೆಯಲ್ಲಿ ಓಡಾಡುವವರು ಅವರ ಲೆಕ್ಕದಲ್ಲಿ ಒಂದೇ ಬಗೆಯವರು. ಒಬ್ಬ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟು, "ಸಾಹೇಬ್, ಹೈವೇ ಯಾವ ಕಡೆಯಿಂದ ಹೋಗುತ್ತೆ?" ಎಂದು ಹಿಂದಿಯಲ್ಲಿ ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಭಾವ ಕುರ್ಚಿಯಲ್ಲಿ ಕೂತು, "ಅಭೀ ಫೈನಲ್ ನಹೀ ಹುವಾ", ಇನ್ನೂ ತೀರ್ಮಾನವಾಗಿಲ್ಲ, ಎಂದುಬಿಟ್ಟರು. ಸುಳ್ಳೇನಲ್ಲ. ಆದರೂ ನಾನು ಮುಂದೆ ಬಂದು, "ನಾವು ಸರಕಾರದವರಲ್ಲ, ಸುಮ್ಮನೆ ಹಳೇ ಸಾಮಾನು ಹುಡುಕುವವರು" ಎಂದು ತಿಳಿಸಿದೆ. ತಂದವನು ಬಂದು ಕುರ್ಚಿಯನ್ನು ವಾಪಸ್ ಒಯ್ದ.

ಆಗ ಮುದುಕಿ ಎದ್ದು, "ಇಲ್ಲಿ ಸಾಕು. ಬದು ದಾಟಿ ಆಚೆ ನೋಡಿ" ಎಂದಳು.

"ಅದು ನಿಮ್ಮದಾ?" ಎಂದು ನಾನು ಕೇಳಿದೆ.

"ನೋಡಿ ಅಂದೆನಲ್ಲ."

ಬದುವಿನಾಚೆ ಐದು ಹೆಜ್ಜೆ ಇಡುತ್ತಲೇ ಯಂತ್ರ ನಿಲ್ಲದೆ ಕೂಗಿತು. ಮೊಣಕೈ ಆಳಕ್ಕೆ ತೋಡಿದಾಗ ಕಂಡದ್ದು ನೆಟ್ಟಗೆ ಹೂತು ನಿಂತಿದ್ದ ರೈಲು ಹಳಿಯ ತುಂಡು. ತುಕ್ಕು ಕೆರೆದರೆ ಉಬ್ಬಿದ ಇಂಗ್ಲಿಷ್ ಅಕ್ಷರಗಳು. ಭಾವನ ಕಣ್ಣು ತುಂಬಿ ಬಂತು. "ಬ್ರಿಟಿಷರದ್ದು ಮಾರಾಯ! ಅಸಲಿ!"

ಮುದುಕಿ ಇಂಗ್ಲಿಷ್ ಅಕ್ಷರಗಳತ್ತ ನೋಡಲೂ ಇಲ್ಲ. ಗುಂಪಿನಲ್ಲಿದ್ದ ಬಿಳಿ ಟೋಪಿಯ ಮುದುಕನತ್ತ ತಿರುಗಿ, "ನೋಡು, ಮಾವ ನೆಟ್ಟ ಗಡಿ" ಎಂದಳು. ಅವನು ಅವಳ ಮೈದುನ. ಆಚೆಯ ಗದ್ದೆ ಅವನದು. ಅವಳ ಮಾವ ರೈಲ್ವೆಯಲ್ಲಿ ಕೂಲಿ ಮಾಡುತ್ತಿದ್ದಾಗ ತಂದ ಹಳಿಯನ್ನು ಇಬ್ಬರು ಮಕ್ಕಳ ಪಾಲಿನ ನಡುವೆ ನೆಟ್ಟಿದ್ದರಂತೆ. ಅವಳ ಗಂಡ ಸತ್ತ ಮೇಲೆ ಹಳಿ ಕಾಣದಾಯಿತು, ಬದು ಈಚೆಗೆ ಬಂತು, ಇಬ್ಬರ ನಡುವೆ ಮಾತು ನಿಂತಿತು. ಗೋರಾ ಪಲ್ಟನ್ ಎಲ್ಲಿತ್ತು ಎಂದು ನಾನು ಕೇಳಿದೆ. "ನನಗೇನು ಗೊತ್ತು? ಯಾರದೋ ಹತ್ತಿರ ಕಬ್ಬಿಣ ಹುಡುಕುವ ಯಂತ್ರ ಉಂಟು, ಕರೆಸುತ್ತೇನೆ ಅಂತ ಸೊಪ್ಪು ಮಾರುವ ನನ್ನ ಅಣ್ಣನ ಮಗ ಹೇಳಿದ್ದ" ಎಂದಳು.

ಮೈದುನ ಗುಂಡಿಯೊಳಕ್ಕೆ ಬಗ್ಗಿ ನೋಡಿದ. "ವಹಿನಿ, ಮಳೆಗೆ ಮಣ್ಣು ಜರುಗಿರಬಹುದು" ಎಂದು ಅತ್ತಿಗೆಗೆ ಹೇಳಿದ.

"ಪ್ರತಿ ವರ್ಷ ನನ್ನ ಕಡೆಗೇ ಯಾಕೆ ಜರುಗಬೇಕು?"

ಊರವರು ನಕ್ಕರು. ಅವನು ನಗಲಿಲ್ಲ. ಗುಂಡಿಯ ಬದಿಗೆ ಕುಕ್ಕರುಗಾಲಲ್ಲಿ ಕೂತು ಹಳಿಯ ತಲೆಯನ್ನು ಅಂಗೈಯಿಂದ ಒರೆಸಿದ. "ಅಣ್ಣ ಇದರ ಮೇಲೇ ಕೂತು ತಂಬಾಕು ತಿಕ್ಕುತ್ತಿದ್ದ" ಎಂದ. ಮುದುಕಿ ಸೆರಗನ್ನು ಮುಖಕ್ಕೆಳೆದುಕೊಂಡಳು. ನಮಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಮಧ್ಯಾಹ್ನ ಅಕ್ಕಿಯ ಭಾಕರಿ, ಒಣಮೀನಿನ ಚಟ್ನಿ ಬಡಿಸಿದಳು. ಭಾವ ಸಂಕೋಚದಿಂದ ಕೇಳಿದರು, "ಆ ಹಳಿ ನಾವು ಒಯ್ಯಬಹುದಾ?"

"ಒಯ್ಯಿರಿ. ಆದರೆ ಆಮೇಲೆ ಬದು ಕಾಯಲು ನೀವೇ ಅಲ್ಲಿ ನಿಲ್ಲಬೇಕು."

ಭಾವ ಫೋಟೊ ತೆಗೆದುಕೊಂಡರು. ಹಳಿಯನ್ನು ಅಲ್ಲೇ ಮೇಲಕ್ಕೆತ್ತಿ ನಿಲ್ಲಿಸಿ, ಗುಂಡಿ ಮುಚ್ಚಿ, ಅದರ ತಲೆ ಮಾತ್ರ ಹೊರಗೆ ಕಾಣುವಂತೆ ಮಣ್ಣು ತುಳಿದದ್ದು ನಾವೇ.

ಆಮೇಲೆ ಅಕ್ಕಪಕ್ಕದ ಊರುಗಳಿಂದ ಭಾವನಿಗೆ ಕರೆ ಬರತೊಡಗಿತು. ಎಲ್ಲರ ಮನೆಯಲ್ಲೂ ಒಂದಲ್ಲ ಒಂದು ಗಡಿ ಕಳೆದುಹೋಗಿದೆ. ಭಾನುವಾರ ಅವರು ಮನೆಯಲ್ಲಿರುವುದೇ ಇಲ್ಲ. ಈತನಕ ಒಂದು ಹಿತ್ತಾಳೆ ಗುಂಡಿಯೂ ಸಿಕ್ಕಿಲ್ಲ, ಮೊಣಕಾಲು ನೋವಿನ ಸುದ್ದಿಯನ್ನೂ ಅವರು ಎತ್ತಿಲ್ಲ. ಮೈದುನ ಬದುವನ್ನು ಹಿಂದಕ್ಕೆ ಸರಿಸಿದನೆಂದು ಮೊನ್ನೆ ಸೊಪ್ಪಿನವನು ಹೇಳಿದ. ಐದರಲ್ಲಿ ಮೂರು ಹೆಜ್ಜೆ. ಉಳಿದೆರಡು ಹೆಜ್ಜೆಗಾಗಿ ಅತ್ತಿಗೆ ಮೈದುನ ದಿನಾ ಬೆಳಿಗ್ಗೆ ಬದುವಿನ ಮೇಲೆ ನಿಂತು ಜಗಳವಾಡುತ್ತಾರಂತೆ. ಜಗಳ ಮುಗಿದ ಮೇಲೆ ಚಹಾ ಅವಳ ಮನೆಯಲ್ಲೇ ಅಂತೆ.