ತಂದೆಯ ಉದ್ಯೋಗ: ರೈಟರ್

ಇದನ್ನು ಸಕಲೇಶಪುರದ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಓದಲು ಇಂಗ್ಲೆಂಡಿಗೆ ಹೊರಟಿದ್ದೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಕಳಿಸಿಕೊಡಲು ಯಸಳೂರಿನವರೆಗೆ ಬಂದಿದ್ದ ಅಪ್ಪ ಟೀ ಅಂಗಡಿಯಲ್ಲಿ ಕೇಳಿದರು: "ವೀಸಾದೋರು ನನ್ ಬಗ್ಗೆ ಏನಾರ ಕೇಳಿದ್ರೇನೋ?"

ನಗುತ್ತಲೇ ಹೇಳಿಬಿಟ್ಟೆ. ಅರ್ಜಿಯಲ್ಲಿ ತಂದೆಯ ಉದ್ಯೋಗ ‘ರೈಟರ್’ ಎಂದು ತುಂಬಿದ್ದೆ. ನಮ್ಮ ಕಡೆಯ ಕಾಫಿ ಎಸ್ಟೇಟುಗಳಲ್ಲಿ ರೈಟರ್ ಎಂದರೆ ಆಳುಗಳ ಹಾಜರಿ ಬರೆಯುವವರು. ಚೆನ್ನೈನಲ್ಲಿ ಕೂತ ಬಿಳಿಯ ಅಧಿಕಾರಿಗೆ ಅದೆಲ್ಲಿ ಗೊತ್ತು? ಕಣ್ಣರಳಿಸಿ, ಏನು ಬರೆಯುತ್ತಾರೆ ಎಂದ. ಕಾದಂಬರಿ ಎಂದೆ.

ಅಂಗಡಿಯ ಬಶೀರಣ್ಣ ಜೋರಾಗಿ ನಕ್ಕರು. "ಸರಿಯಾಗೇ ಹೇಳವ್ನೆ ರೈಟ್ರೇ! ನಿಮ್ ಹಾಜರಿ ಬುಕ್ಕಿಗಿಂತ ದೊಡ್ಡ ಕಟ್ಟುಕತೆ ಎಲ್ಲೈತೆ ಮಾರಾಯ್ರೆ?"

ಅಪ್ಪ ನಗಲಿಲ್ಲ. "ಕೆಲ್ಸಕ್ಕೆ ಬಾರದೋರ ಹೆಸ್ರು ಒಂದಿನಾನೂ ಬರ್ದಿಲ್ಲ ಕಣ್ರೀ" ಎಂದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಹಾಜರಿ ಬರೆಯೋನ ಮಗ ಅಂದಿದ್ರೆ ಕಳಿಸ್ತಿರ್ಲಿಲ್ವೇನೋ?"

ಕಳಿಸುತ್ತಿದ್ದರು. ಅಧಿಕಾರಿ ಕೇಳಿದ್ದು ಬರೀ ಕುತೂಹಲಕ್ಕೆ. ಅಷ್ಟರಲ್ಲಾಗಲೇ ಅವನು ಮುದ್ರೆ ಒತ್ತಿಯಾಗಿತ್ತು. ಇದನ್ನು ಮಾತ್ರ ಅಪ್ಪನಿಗೆ ಹೇಳಲಾಗಲಿಲ್ಲ.