ಷಡ್ಜದ ಕಾಟ

ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ಕಾರ್ಖಾನೆಯಿಂದ ನಿವೃತ್ತರಾದ ಗಿಟಾರ್ ವಾದಕರೊಬ್ಬರಿದ್ದರು. ಹೊಸ ವರ್ಷಕ್ಕೆ ಅಲ್ಲಿನ ಕ್ಲಬ್ಬಿನಲ್ಲಿ ಹಳೆಯ ಜಾಝ್ ಹಾಡೊಂದನ್ನು ನುಡಿಸುವವರಿದ್ದರು. ಅವರು ಗಿಟಾರಿನಲ್ಲಿ ಕಾರ್ಡ್ ನುಡಿಸುತ್ತಾ ಹೋಗುವಾಗ ಅದರ ಮೇಲೆ ನಾನು ಪಿಟೀಲಿನಲ್ಲಿ ಮನೋಧರ್ಮದಿಂದ, ಅಂದರೆ ಆಗಿಂದಾಗ ಹೊಳೆದಂತೆ, ನುಡಿಸಬೇಕು. ಪಕ್ಕದೂರಿನ ಕೋಟೆ ಬೀದಿಯ ನಮ್ಮ ಮನೆಯಿಂದ ಪ್ರತಿ ಭಾನುವಾರ ಬಸ್ಸು ಹತ್ತುತ್ತಿದ್ದೆ. ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿತವಳು, ಇದೇನು ಮಹಾ ಎಂಬ ಜಂಬ ಬೇರೆ.

ಹಾಡನ್ನು ಬಿಡಿಸಿ ಬರೆದುಕೊಂಡೆ. ಕಾರ್ಡ್ ಎಂದರೆ ಒಟ್ಟಿಗೆ ಮೊಳಗುವ ಮೂರು ನಾಲ್ಕು ಸ್ವರ. ಮೊದಲು ರಿಷಭದ ಮೇಲೆ ಕಟ್ಟಿದ ಕಾರ್ಡ್, ಆಮೇಲೆ ಪಂಚಮದ್ದು, ಕೊನೆಗೆ ಷಡ್ಜಕ್ಕೆ ಬಂದು ವಿಶ್ರಾಂತಿ. ಕಾಗದದ ಮೇಲೆ ಎಲ್ಲ ಸರಿ. ಕಮಾನು ಎತ್ತಿದರೆ ಮುಗಿಯಿತು.

"ನಿಲ್ಸಮ್ಮಾ. ನಾನು ಪಂಚಮದ ಕಾರ್ಡಿಗೆ ಬಂದಿದೀನಿ, ನೀನು ಮತ್ತೆ ಷಡ್ಜದ ಮೇಲೇ ಕೂತಿದೀಯ. ಅಲ್ಲಿ ಅದು ಕಚ್ಚುತ್ತೆ. ನಿಷಾದಕ್ಕೆ ಇಳಿ."

"ಗೊತ್ತು ಸಾರ್."

ಗೊತ್ತಿದ್ದೂ ಹೋಗಿ ಅಲ್ಲೇ ಕೂರುತ್ತಿದ್ದೆ. ಷಡ್ಜದಲ್ಲಿ ನಿಂತರೆ ತಪ್ಪು ಎಂದು ಹುಟ್ಟಿದಾಗಿನಿಂದ ಯಾರೂ ನನಗೆ ಹೇಳಿರಲಿಲ್ಲ! ಕೊನೆಗೆ ಅವರು ಗಿಟಾರನ್ನು ಪಕ್ಕಕ್ಕಿಟ್ಟು, "ಮುಂದಿನ ವಾರಾನೂ ಹೀಗೇ ಆದ್ರೆ ಕೀಬೋರ್ಡಿನವ್ರನ್ನ ಕರೀತೀನಮ್ಮಾ, ಬೇಜಾರು ಮಾಡ್ಕೋಬೇಡ" ಎಂದರು. ವಾಪಸು ಬಸ್ಸಿನಲ್ಲಿ ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ.

ಅವರ ಕಾರ್ಡುಗಳನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಂಡಿದ್ದೆ. ಮಾರನೆಯ ಮಧ್ಯಾಹ್ನ ಸೆಲ್ಲು ಹಾಕಿದ ಟೇಪ್ ರೆಕಾರ್ಡರಿನಲ್ಲಿ ಅದನ್ನು ಹಚ್ಚಿ, ಎಂದಿನಂತೆ ಪಕ್ಕದಲ್ಲಿ ಶ್ರುತಿಪೆಟ್ಟಿಗೆಯ ಪ್ಲಗ್ಗನ್ನೂ ಚುಚ್ಚಿ ಕೂತೆ. ನಡುವೆ ಕರೆಂಟ್ ಹೋಯಿತು. ಶ್ರುತಿ ನಿಂತಿತು, ಟೇಪ್ ಓಡುತ್ತಲೇ ಇತ್ತು. ನಾನು ಷಡ್ಜ ಎಳೆಯುತ್ತಿದ್ದೆ. ಟೇಪು ಪಂಚಮದ ಕಾರ್ಡಿಗೆ ಹೊರಳಿತು. ಥೂ! ಅನ್ನದಲ್ಲಿ ಕಲ್ಲು ಸಿಕ್ಕಂತಾಯಿತು. ಬೆರಳು ತಾನಾಗಿ ನಿಷಾದಕ್ಕೆ ಜಾರಿತು.

ಅಯ್ಯೋ ನನ್ನ ಕರ್ಮವೇ! ಇಷ್ಟು ದಿನ ಆ ಪೆಟ್ಟಿಗೆ ಗುಂಯ್ ಎಂದು ಷಡ್ಜವನ್ನೇ ಕಿವಿಗೆ ತುಂಬುತ್ತಿತ್ತು, ಓಲ್ಡ್ ಟೌನ್‌ಗೆ ಹೋದಾಗಲೂ ತಲೆಯೊಳಗೆ ಅದೇ ಮೊಳಗುತ್ತಿತ್ತು, ಗಿಟಾರ್ ಎತ್ತ ಹೋಯಿತೆಂದು ಕೇಳಿಸುವುದಾದರೂ ಹೇಗೆ? ಕರೆಂಟ್ ಬಂದು ಅದು ಮತ್ತೆ ಶುರುಮಾಡಿದಾಗ ಪ್ಲಗ್ ಕಿತ್ತೆಸೆದೆ.

ನನಗೆ ಮೊದಲ ಪಾಠ ಹೇಳಿಕೊಟ್ಟವಳು ಅಮ್ಮ. ಅಡುಗೆಮನೆಯಿಂದ ಓಡಿಬಂದಳು. "ಶ್ರುತಿ ಇಲ್ದೆ ಅದೇನೇ ನುಡಿಸ್ತಿದೀಯ ಮಾರಾಯ್ತಿ? ಕಿವಿ ಕೆಟ್ಟುಹೋಗುತ್ತೆ."

"ಕೆಡ್ಲಿ ಬಿಡಮ್ಮಾ!" ಎಂದು ಕೂಗಿದೆ. ಅವಳು ಒಳಗೆ ಹೋದಳು.

ಮುಂದಿನ ಭಾನುವಾರ ಗಿಟಾರಿನವರು ನನ್ನನ್ನು ಒಮ್ಮೆಯೂ ನಿಲ್ಲಿಸಲಿಲ್ಲ. ಕುಣಿಯುತ್ತಾ ಮನೆಗೆ ಬಂದು, ಕ್ಲಬ್ಬಿಗೆ ನೀನೂ ಬಾ ಎಂದು ಅಮ್ಮನನ್ನು ಕರೆದೆ.

"ನೀನು ಹೋಗ್ಬಾ" ಎಂದಳು. "ಶ್ರುತಿ ಇಲ್ದಿದ್ದು ನಂಗೆ ಕೇಳಕ್ಕಾಗಲ್ಲ ಕಣೇ."